ದ್ವೀಪದ ಗಾಳಿ, ದೂರದ ಧೂಳು

ಲಕ್ಷದ್ವೀಪದ ದಕ್ಷಿಣ ತುದಿಯಲ್ಲಿರುವ ಮಿನಿಕಾಯ್ ಬಾಳೆಕಾಯಿಯಂತೆ ಬಾಗಿದ ಒಂದು ಹವಳದ ನಡುಗಡ್ಡೆ. ಉದ್ದ ಸುಮಾರು 10 ಕಿ.ಮೀ., ಕಡಲಿನ ಮಟ್ಟದಿಂದ ಎತ್ತರ ಒಂದೆರಡು ಮೀಟರ್. ಕೊಚ್ಚಿಯಿಂದ ಸುಮಾರು 400 ಕಿ.ಮೀ. ನೀರು ದಾಟಿದರೆ ಸಿಗುವ ಊರು. ತೆಂಗಿನ ತೋಟ, ದೋಣಿಗಳು, ಟ್ಯೂನ ಮೀನನ್ನು ಡಬ್ಬಿಗೆ ತುಂಬುವ ಒಂದು ಘಟಕ, ವಿದ್ಯುತ್ತಿಗೆ ಡೀಸೆಲ್ ಜನರೇಟರ್. ಹೊಗೆಯ ಲೆಕ್ಕ ಹೆಚ್ಚುಕಡಿಮೆ ಇಷ್ಟಕ್ಕೇ ಮುಗಿಯುತ್ತದೆ. ಆದರೂ ಜನವರಿಯಲ್ಲಿ ಅಲ್ಲಿನ ಗಾಳಿಯನ್ನು ಬಿಳಿ ಸೋಸುಹಾಳೆಯ ಮೂಲಕ ಹಾಯಿಸಿದರೆ ಹಾಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ಜುಲೈನಲ್ಲಿ ಅದೇ ಜಾಗದಲ್ಲಿ ಅದೇ ಯಂತ್ರ ಓಡಿಸಿದರೆ ಹಾಳೆ ಬೆಳ್ಳಗೇ ಉಳಿಯುತ್ತದೆ. ತೂಕ ಮಾತ್ರ ಏರಿರುತ್ತದೆ, ಏಕೆಂದರೆ ಅದರ ತುಂಬ ಉಪ್ಪು.

ಒಂದೇ ಊರಿನ ಗಾಳಿ ಆರು ತಿಂಗಳಲ್ಲಿ ಹೀಗೆ ಬಣ್ಣ ಬದಲಿಸುವುದು ಊರಿನವರ ಕೈವಾಡವಲ್ಲ. ಗಾಳಿ ಯಾವ ದಿಕ್ಕಿನಿಂದ ಬಂತು, ದಾರಿಯಲ್ಲಿ ಏನನ್ನು ಹೊತ್ತು ತಂತು ಎಂಬುದೇ ಅದಕ್ಕೆ ಕಾರಣ.

ತೇಲುವ ಕಣ ಎಂದರೇನು?

ಗಾಳಿಯಲ್ಲಿ ತೇಲಾಡುವ ಘನ ಅಥವಾ ದ್ರವ ಕಣಗಳಿಗೆ ವಿಜ್ಞಾನಿಗಳು ಏರೋಸಾಲ್ ಎನ್ನುತ್ತಾರೆ. ಕನ್ನಡದಲ್ಲಿ ವಾಯುಕಣ, ತೇಲುಕಣ ಎಂಬ ಪದಗಳಿವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ತೇಲುಕಣಗಳಲ್ಲಿ ದೊಡ್ಡವು ಹತ್ತು ಮೈಕ್ರೋಮೀಟರಿನ ಆಸುಪಾಸಿನವು, ಸಣ್ಣವು ಅದರ ನೂರನೇ ಒಂದು ಭಾಗಕ್ಕಿಂತಲೂ ಕಿರಿದು.

ಕಡಲಿನ ಮೇಲೆ ಮುಖ್ಯವಾಗಿ ನಾಲ್ಕು ಬಗೆಯ ಕಣಗಳು ಸಿಗುತ್ತವೆ. ಅಲೆಯ ನೊರೆಯಿಂದ ಏಳುವ ಉಪ್ಪು ಮೊದಲನೆಯದು. ಮರುಭೂಮಿಯಿಂದ ಹಾರಿಬಂದ ಮಣ್ಣು ಎರಡನೆಯದು. ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್ ಉರಿದಾಗ ಹುಟ್ಟುವ ಮಸಿ ಮತ್ತು ಇತರ ಇಂಗಾಲದ ಕಣಗಳು ಮೂರನೆಯವು. ಗಂಧಕದ ಅನಿಲಗಳು ಗಾಳಿಯಲ್ಲೇ ಮಾರ್ಪಟ್ಟು ರೂಪುಗೊಳ್ಳುವ ಸಲ್ಫೇಟ್ ನಾಲ್ಕನೆಯದು. ಈ ಗಂಧಕ ಕಾರ್ಖಾನೆಯ ಹೊಗೆಯಿಂದಲೂ ಬರಬಹುದು, ಕಡಲಿನ ಸೂಕ್ಷ್ಮಸಸ್ಯಗಳಿಂದಲೂ ಬರಬಹುದು.

ಕಣದ ಗಾತ್ರವೇ ಅದರ ಆಯುಷ್ಯ. ಉಪ್ಪಿನ ದಪ್ಪ ಕಣಗಳು ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ಕೆಳಗಿಳಿಯುತ್ತವೆ. ಮಸಿ, ಸಲ್ಫೇಟ್‌ನಂಥ ಸಣ್ಣ ಕಣಗಳು ಮಳೆ ಸಿಗದಿದ್ದರೆ ಒಂದು ವಾರದವರೆಗೂ ತೇಲುತ್ತವೆ. ಸೆಕೆಂಡಿಗೆ 6 ಮೀಟರ್ ಬೀಸುವ ಸಾಧಾರಣ ಗಾಳಿ ದಿನಕ್ಕೆ 500 ಕಿ.ಮೀ. ಸಾಗುತ್ತದೆ. ಒಂದು ವಾರದಲ್ಲಿ ಅದು ಎಲ್ಲಿಗೆ ಮುಟ್ಟೀತು ಎಂದು ಲೆಕ್ಕ ಹಾಕಿದರೆ, ಪೇಟೆಯ ಹೊಗೆ ನಡುಗಡಲಿನಲ್ಲಿ ಸಿಗುವುದರಲ್ಲಿ ಅಚ್ಚರಿಯೇನೂ ಉಳಿಯುವುದಿಲ್ಲ.

ದ್ವೀಪದಲ್ಲೇ ಏಕೆ ಅಳೆಯಬೇಕು?

ನಗರದಲ್ಲಿ ಯಂತ್ರ ಇಟ್ಟರೆ ಅದು ಮೊದಲು ಹಿಡಿಯುವುದು ಪಕ್ಕದ ರಸ್ತೆಯ ಧೂಳನ್ನು. ಹಡಗಿನಲ್ಲಿ ಇಟ್ಟರೆ ಕೆಲವು ವಾರಗಳ ಲೆಕ್ಕ ಸಿಗುತ್ತದೆ, ವರ್ಷದ ಲೆಕ್ಕ ಸಿಗುವುದಿಲ್ಲ. ಉಪಗ್ರಹ ಇಡೀ ಕಡಲನ್ನು ನೋಡುತ್ತದೆ, ಆದರೆ ಮೋಡ ಕವಿದ ಮಳೆಗಾಲದಲ್ಲಿ ಅದರ ಕಣ್ಣು ಮುಚ್ಚಿದಂತೆಯೇ. ಈ ಮೂರೂ ತೊಡಕುಗಳಿಂದ ತಪ್ಪಿಸಿಕೊಳ್ಳಲು ಸಣ್ಣ ನಡುಗಡ್ಡೆ ಒಳ್ಳೆಯ ಜಾಗ. ಸ್ವಂತ ಹೊಗೆ ಕಡಿಮೆ, ಸುತ್ತ ನೀರು, ವರ್ಷಪೂರ್ತಿ ಯಂತ್ರ ನಡೆಸಬಹುದು. ಗಾಳಿ ಬರುವ ಕಡೆಯ ದಂಡೆಯಲ್ಲಿ, ಊರಿನ ಜನರೇಟರಿನಿಂದ ದೂರವಿಟ್ಟರೆ ಆಯಿತು.

ಭಾರತದಲ್ಲಿ ಈ ಕೆಲಸಕ್ಕೆ ಇಸ್ರೋ ಬೆಂಬಲದ ವೀಕ್ಷಣಾ ಜಾಲವಿದೆ. ಮಿನಿಕಾಯ್ ಮತ್ತು ಅಂಡಮಾನಿನ ಪೋರ್ಟ್ ಬ್ಲೇರ್ ಅದರ ದ್ವೀಪ ಕೇಂದ್ರಗಳು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯ ಈ ಅಳತೆಗಳನ್ನು ಕಟ್ಟಿ ಬೆಳೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಈ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದಾರೆ. ಮಾಲ್ಡೀವ್ಸ್‌ನ ಕಾಶಿಧೂ ಮತ್ತು ಹನಿಮಾಧೂ ದ್ವೀಪಗಳಲ್ಲಿ ಅಂತರರಾಷ್ಟ್ರೀಯ ಕೇಂದ್ರಗಳು ನೆಲೆಗೊಂಡವು.

ಅಳೆಯುವ ಬಗೆ

ಎರಡು ಉಪಕರಣಗಳನ್ನು ಅರಿತರೆ ಉಳಿದವೂ ಅರ್ಥವಾಗುತ್ತವೆ. ಒಂದು, ಸೂರ್ಯನನ್ನೇ ದಿಟ್ಟಿಸುವ ಬಿಸಿಲಳಕ. ನೆಲ ಮುಟ್ಟಬೇಕಿದ್ದ ಬೆಳಕಿನಲ್ಲಿ ಎಷ್ಟನ್ನು ನಡುವಿನ ಕಣಗಳು ತಡೆದವು ಎಂದು ಅದು ಬೇರೆಬೇರೆ ಬಣ್ಣಗಳಲ್ಲಿ ಅಳೆಯುತ್ತದೆ. ನೀಲಿ ಬೆಳಕನ್ನು ಕೆಂಪಿಗಿಂತ ಬಹಳ ಹೆಚ್ಚು ತಡೆದಿದ್ದರೆ ಕಣಗಳು ಸಣ್ಣವು, ಅಂದರೆ ಹೊಗೆಯ ಜಾತಿಯವು. ಎರಡನ್ನೂ ಸರಿಸುಮಾರು ಒಂದೇ ಹದದಲ್ಲಿ ತಡೆದಿದ್ದರೆ ಕಣಗಳು ದಪ್ಪ, ಅಂದರೆ ಉಪ್ಪು ಅಥವಾ ಮಣ್ಣು.

ಇನ್ನೊಂದು, ಮಸಿ ಅಳೆಯುವ ಈಥಲೋಮೀಟರ್. ಅದರೊಳಗೆ ಟೇಪ್‌ರೆಕಾರ್ಡರಿನ ಸುರುಳಿಯಂತೆ ಬಿಳಿ ಪಟ್ಟಿಯೊಂದು ಸುತ್ತಿಕೊಂಡಿರುತ್ತದೆ. ಗಾಳಿ ಒಂದು ಸಣ್ಣ ಬಿಲ್ಲೆಯಗಲದ ಜಾಗದ ಮೂಲಕ ಹಾಯುವಾಗ ಮಸಿ ಅಲ್ಲಿ ಸಿಕ್ಕಿಕೊಂಡು ಕಲೆ ಕಪ್ಪಾಗುತ್ತ ಹೋಗುತ್ತದೆ. ಕಲೆ ಎಷ್ಟು ಬೇಗ ಕಪ್ಪಾಯಿತು ಎಂಬುದರಿಂದ ಮಸಿಯ ಪ್ರಮಾಣ ತಿಳಿಯುತ್ತದೆ. ಕಲೆ ತುಂಬಿದಾಗ ಪಟ್ಟಿ ಮುಂದೆ ಸರಿದು ಹೊಸ ಬಿಳಿ ಜಾಗ ಒಡ್ಡುತ್ತದೆ. ದ್ವೀಪದಲ್ಲಿ ಮಳೆಗಾಲದ ಪಟ್ಟಿ ನಿಧಾನವಾಗಿ ಸರಿಯುತ್ತದೆ, ಚಳಿಗಾಲದ ಪಟ್ಟಿ ಬೇಗ ಖಾಲಿಯಾಗುತ್ತದೆ.

ಚಳಿಗಾಲ: ಮೂಡಣ ಗಾಳಿ ಮತ್ತು ಕಂದು ಮಬ್ಬು

ಮಾಲ್ಡೀವ್ಸ್‌ನವರು ವರ್ಷವನ್ನು ಎರಡೇ ಗಾಳಿಗಳಲ್ಲಿ ಹಂಚುತ್ತಾರೆ. ಈಶಾನ್ಯದಿಂದ ಬೀಸುವ ಒಣಗಾಳಿಯ ಕಾಲ ಇರುವಾಯ್, ನೈಋತ್ಯದ ಮಳೆಗಾಳಿಯ ಕಾಲ ಹುಳಂಗು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇರುವಾಯ್ ನಡೆಯುವಾಗ ಭಾರತ ಉಪಖಂಡದ ಗಾಳಿ ಕಡಲಿಗಿಳಿದು ಸಮಭಾಜಕ ವೃತ್ತದತ್ತ ಹರಿಯುತ್ತದೆ. ಆ ತಿಂಗಳುಗಳಲ್ಲಿ ಮಳೆ ಇಲ್ಲದ್ದರಿಂದ ಕಣಗಳನ್ನು ತೊಳೆಯುವವರೂ ಇಲ್ಲ.

ಈ ಹರಿವಿನ ವಿಸ್ತಾರವನ್ನು ಜಗತ್ತಿಗೆ ತೋರಿಸಿದ್ದು ಇಂಡೋಎಕ್ಸ್ ಎಂಬ ಹಿಂದೂ ಮಹಾಸಾಗರ ಪ್ರಯೋಗ. ಅದರ ಮುಖ್ಯ ಹಂತ ನಡೆದದ್ದು 1999ರ ಜನವರಿಯಿಂದ ಮಾರ್ಚ್‌ವರೆಗೆ. ವೀರಭದ್ರನ್ ರಾಮನಾಥನ್ ಮತ್ತು ನೊಬೆಲ್ ಪುರಸ್ಕೃತ ರಸಾಯನ ವಿಜ್ಞಾನಿ ಪಾಲ್ ಕ್ರುಟ್ಜನ್ ಅದರ ನೇತೃತ್ವ ವಹಿಸಿದ್ದರು. ಭಾರತದ ಸಾಗರಕನ್ಯಾ, ಅಮೆರಿಕದ ರೊನಾಲ್ಡ್ ಎಚ್. ಬ್ರೌನ್ ಎಂಬ ಹಡಗುಗಳು, ವಿಮಾನಗಳು, ಉಪಗ್ರಹಗಳು, ಇವೆಲ್ಲದರ ಜೊತೆಗೆ ಕಾಶಿಧೂ ದ್ವೀಪದ ಕೇಂದ್ರ ಒಟ್ಟಿಗೆ ಕೆಲಸ ಮಾಡಿದವು. ಕಾಶಿಧೂ ಕನ್ಯಾಕುಮಾರಿಯಿಂದ 500 ಕಿ.ಮೀ.ಗೂ ದೂರ. ಅಷ್ಟು ದೂರದಲ್ಲೂ ನೀಲಿಯಾಗಿರಬೇಕಿದ್ದ ಆಕಾಶ ಮಾಸಲು ಬಿಳಿಯಾಗಿತ್ತು, ದಿಗಂತ ಕಂದಾಗಿತ್ತು. ಮಬ್ಬು ಸುಮಾರು 3 ಕಿ.ಮೀ. ಎತ್ತರದವರೆಗೆ ಹಬ್ಬಿತ್ತು. ಉತ್ತರ ಹಿಂದೂ ಮಹಾಸಾಗರದ ಬಹುಭಾಗ ಅದರಡಿ ಇತ್ತು.

ಕಾಶಿಧೂವಿನ ಸಣ್ಣ ಕಣಗಳನ್ನು ಬಿಡಿಸಿ ನೋಡಿದಾಗ ಮೂರರಲ್ಲಿ ಒಂದು ಪಾಲಿನಷ್ಟು ಸಲ್ಫೇಟ್, ಕಾಲು ಪಾಲಿನಷ್ಟು ಸಾವಯವ ವಸ್ತು, ಶೇ. 10ಕ್ಕೂ ಮಿಕ್ಕಿ ಮಸಿ ಸಿಕ್ಕಿತು. ಮಬ್ಬಿನಲ್ಲಿ ಮನುಷ್ಯ ಚಟುವಟಿಕೆಯ ಪಾಲು ಶೇ. 80ರ ಸುತ್ತ ಎಂದು ಸಂಶೋಧಕರು ಅಂದಾಜಿಸಿದರು.

ಮಸಿ ಯಾವ ಒಲೆಯದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹತ್ತು ವರ್ಷಗಳ ನಂತರ. ಕಟ್ಟಿಗೆ, ಸೆಗಣಿ, ಹುಲ್ಲಿನಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಕರಗಿ ಹೋಗಿರುತ್ತದೆ. ಹನಿಮಾಧೂ ದ್ವೀಪದಲ್ಲಿ ಮತ್ತು ಪುಣೆ ಬಳಿಯ ಸಿಂಹಗಡದ ಮೇಲೆ ಹಿಡಿದ ಮಸಿಯಲ್ಲಿ ಇಂಗಾಲ-14 ಅಳೆದ ಸ್ವೀಡನ್ನಿನ ಓರ್ಯನ್ ಗುಸ್ತಾಫ್‌ಸನ್ ಮತ್ತು ಸಂಗಡಿಗರು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಗಾಲದ ಕಣಗಳಲ್ಲಿ ಮೂರರಲ್ಲಿ ಎರಡು ಪಾಲು ಕಟ್ಟಿಗೆ, ಸೆಗಣಿ, ಬೆಳೆಯ ಕೂಳೆಯಂಥ ಜೈವಿಕ ಇಂಧನದ ಉರಿಯಿಂದ ಬಂದದ್ದು. ಅಪ್ಪಟ ಮಸಿಯಲ್ಲಿ ಅದರ ಪಾಲು ಅಳೆಯುವ ವಿಧಾನಕ್ಕೆ ತಕ್ಕಂತೆ ಅರ್ಧದಿಂದ ಮೂರರಲ್ಲೆರಡರವರೆಗೆ. ಹಳ್ಳಿಯ ಒಲೆಯ ಗುರುತು ಹವಳದ ದ್ವೀಪದ ಸೋಸುಹಾಳೆಯಲ್ಲಿ ಸಿಕ್ಕಿತು.

ಬೇಸಿಗೆ: ಅರಬ್ ನಾಡಿನ ಮಣ್ಣು

ಮಾರ್ಚ್ ಕಳೆಯುತ್ತಲೇ ಭೂಖಂಡದಿಂದ ಬರುವ ಗಾಳಿ ಸೊರಗುತ್ತದೆ. ಅರಬ್ಬಿ ಸಮುದ್ರದ ಮೇಲೆ ವಾಯವ್ಯ ದಿಕ್ಕಿನ ಗಾಳಿ ಮೇಲುಗೈ ಪಡೆಯುತ್ತದೆ. ಅರೇಬಿಯಾ, ಇರಾಕ್, ಇರಾನ್ ಕಡೆಯ ಒಣನೆಲ ಕಾದು ಎಬ್ಬಿಸಿದ ಮಣ್ಣು ಈ ಗಾಳಿಯ ಬೆನ್ನೇರಿ ಲಕ್ಷದ್ವೀಪದವರೆಗೂ ಬರುತ್ತದೆ. ಕಣಗಳ ಬಣ್ಣ ಬೂದಿಯಿಂದ ಕೆಮ್ಮಣ್ಣಿನ ಕಡೆಗೆ ಹೊರಳುತ್ತದೆ. ಬಿಸಿಲಳಕದಲ್ಲಿ ದಪ್ಪ ಕಣಗಳ ಸುಳಿವು ಹೆಚ್ಚುತ್ತದೆ.

ಧೂಳಿನ ಅಬ್ಬರ ಮುಂಗಾರು ಬಂದ ಮೇಲೂ ನಿಲ್ಲುವುದಿಲ್ಲ. ಅರಬ್ಬಿ ಸಮುದ್ರದ ಮೇಲೆ ಧೂಳು ಅತಿ ಹೆಚ್ಚು ಇರುವುದು ಜೂನ್-ಜುಲೈನಲ್ಲೇ. ಆದರೆ ಆಗ ಅದು ಮೇಲಂತಸ್ತಿನಲ್ಲಿ ತೇಲುತ್ತದೆ. ಕೆಳಗೆ ಸೊಮಾಲಿಯಾ ಕಡೆಯಿಂದ ನುಗ್ಗಿಬರುವ ತೇವದ ಗಾಳಿ, ಮೇಲೆ ಮರುಭೂಮಿಯ ಒಣಗಾಳಿ. ಹೀಗಾಗಿ ಮೋಡವಿಲ್ಲದ ಕಡೆ ಉಪಗ್ರಹಕ್ಕೆ ಧೂಳು ಕಾಣುತ್ತಿದ್ದರೂ ದ್ವೀಪದ ನೆಲದಲ್ಲಿಟ್ಟ ಸೋಸುಹಾಳೆಗೆ ಅದರಲ್ಲಿ ಸ್ವಲ್ಪವೇ ಸಿಗುತ್ತದೆ.

ಮುಂಗಾರು: ನೊರೆಯ ಉಪ್ಪು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ, ಸಾವಿರಾರು ಕಿ.ಮೀ. ತೆರೆದ ಕಡಲನ್ನು ದಾಟಿ ಬರುತ್ತದೆ. ದಾರಿಯಲ್ಲಿ ಊರಿಲ್ಲ, ಕಾಡಿಲ್ಲ, ಕಾರ್ಖಾನೆಯಿಲ್ಲ. ಜೊತೆಗೆ ಪದೇಪದೇ ಮಳೆ. ಮಸಿ ಮತ್ತು ಸಲ್ಫೇಟ್ ವರ್ಷದಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯುತ್ತವೆ. ಅವುಗಳ ಜಾಗಕ್ಕೆ ಉಪ್ಪು ಬರುತ್ತದೆ.

ಉಪ್ಪು ಗಾಳಿಗೇರುವ ಬಗೆ ನೋಡಲು ಸೊಗಸು. ಅಲೆ ಮುರಿದಾಗ ಗಾಳಿ ನೀರಿನೊಳಗೆ ಸಿಕ್ಕಿ ಗುಳ್ಳೆಗಳಾಗುತ್ತವೆ. ಗುಳ್ಳೆ ಮೇಲೆದ್ದು ಒಡೆಯುವಾಗ ಅದರ ತೆಳು ಪೊರೆ ಚೂರುಚೂರಾಗಿ ಹತ್ತಾರು, ಕೆಲವೊಮ್ಮೆ ನೂರಾರು ಕಿರುಹನಿಗಳು ಚಿಮ್ಮುತ್ತವೆ. ಒಡೆದ ಗುಂಡಿಯನ್ನು ತುಂಬಲು ನೀರು ನಡುವಿಗೆ ನುಗ್ಗಿದಾಗ ಕಡ್ಡಿಯಂಥ ಧಾರೆಯೊಂದು ಮೇಲೆದ್ದು ಕೆಲವು ದಪ್ಪ ಹನಿಗಳನ್ನು ಉಗುಳುತ್ತದೆ. ಹನಿಯ ನೀರು ಆರಿ ಉಪ್ಪು ಉಳಿಯುತ್ತದೆ. ಸೆಕೆಂಡಿಗೆ ಸುಮಾರು 4 ಮೀಟರ್ ವೇಗದ ಗಾಳಿ ಬೀಸಿದಾಗ ಕಡಲಿನ ಮೇಲೆ ಬಿಳಿನೊರೆ ಕಾಣಿಸತೊಡಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ನೊರೆ ಹರಡುವ ಜಾಗ ಸುಮಾರು ಹತ್ತು ಪಟ್ಟಾಗುತ್ತದೆ. ಆಷಾಢದಲ್ಲಿ ಮಲ್ಪೆಯ ದಂಡೆಯಲ್ಲಿ ಹತ್ತು ನಿಮಿಷ ನಿಂತರೆ ಕನ್ನಡಕದ ಗಾಜು ಮಂಜಾಗುವುದು, ಕರಾವಳಿಯ ಮನೆಗಳ ಕಿಟಕಿ ಸರಳು ಬೇಗ ತುಕ್ಕು ಹಿಡಿಯುವುದು ಈ ಉಪ್ಪಿನಿಂದಲೇ.

ಒಟ್ಟು ತೂಕವನ್ನಷ್ಟೇ ನೋಡಿದರೆ ಮಳೆಗಾಲದ ದ್ವೀಪದ ಗಾಳಿಯೂ ಕೊಳಕು ಎಂದೇ ಅನ್ನಿಸಬಹುದು. ತೇಲುಕಣಗಳ ವಿಷಯದಲ್ಲಿ ತೂಕ ದಾರಿ ತಪ್ಪಿಸುತ್ತದೆ. ಯಾವ ಕಣ, ಯಾವ ಗಾತ್ರದ್ದು ಎಂದು ಕೇಳಿದಾಗಲೇ ಗಾಳಿಯ ಗುಣ ತಿಳಿಯುವುದು.

ಉಪ್ಪು ಚಳಿಗಾಲದಲ್ಲೂ ಇರುತ್ತದೆ. ಆದರೆ ಆಗ ಅದು ಹೊಗೆಯಲ್ಲಿ ಬಂದ ಆಮ್ಲಗಳ ಜೊತೆ ಸೇರಿ ತನ್ನ ಕ್ಲೋರಿನ್ ಅಂಶವನ್ನು ಕಳೆದುಕೊಳ್ಳುತ್ತದೆ. ಸೋಸುಹಾಳೆಯ ಉಪ್ಪಿನಲ್ಲಿ ಸೋಡಿಯಂಗೆ ಹೋಲಿಸಿದರೆ ಕ್ಲೋರಿನ್ ಕೊರತೆ ಕಂಡರೆ, ಆ ಗಾಳಿ ನೆಲದ ಹೊಗೆಯೊಂದಿಗೆ ಬೆರೆತು ಬಂದಿದೆ ಎಂದು ಓದಿಕೊಳ್ಳಬಹುದು.

ಗಾಳಿ ತಿರುಗುವ ಹೊತ್ತು

ಅಕ್ಟೋಬರ್-ನವೆಂಬರಿನಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಉತ್ತರ ಮಾಲ್ಡೀವ್ಸ್‌ನ ಹನಿಮಾಧೂವಿನಲ್ಲಿ 2004ರಿಂದ ನಡೆದ ಅಳತೆಗಳಲ್ಲಿ ಈ ತಿರುವು ಎದ್ದು ಕಾಣುತ್ತದೆ. ಕೆಲವೇ ವಾರಗಳಲ್ಲಿ ಉಪ್ಪಿನ ಗಾಳಿ ಹೋಗಿ ಮಸಿಯ ಗಾಳಿ ಬರುತ್ತದೆ. ನಡುವೆ ನಿಧಾನದ ಏರಿಕೆ ಇಲ್ಲ, ಬಾಗಿಲು ತೆರೆದಂತೆ ಬದಲಾವಣೆ.

ಈ ಬಾಗಿಲು ಕರಾವಳಿಯ ಕನ್ನಡಿಗರಿಗೆ ಹಳೆಯ ಪರಿಚಯ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೊತ್ತು ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕುದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ, ಕಡಲು ತಣಿದ ಮೇಲೆ ಮತ್ತೆ ಹೊರಡುತ್ತವೆ. ಮಂಜಿಗಳ ಸಂಚಾರದ ಕಾಲವೂ ನೆಲದ ಹೊಗೆ ದ್ವೀಪಕ್ಕೆ ಹರಿಯುವ ಕಾಲವೂ ಬಹುಪಾಲು ಒಂದೇ.

ಒಂದೇ ಋತು, ಬೇರೆಬೇರೆ ಕಡಲು

ಚಳಿಗಾಲದಲ್ಲಿ ಎಲ್ಲ ದ್ವೀಪಗಳಿಗೂ ಸಮನಾದ ಹೊಗೆ ಸಿಗುವುದಿಲ್ಲ. ಗಂಗಾ ಬಯಲಿನ ಹೊಗೆ ಹಿಮಾಲಯದ ಗೋಡೆಗೆ ತಾಗಿ ಪೂರ್ವಕ್ಕೆ ಸರಿದು, ಬಂಗಾಳ ಕೊಲ್ಲಿಯ ತಲೆಯ ಭಾಗದಲ್ಲಿ ಕಡಲಿಗಿಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಗಾಳಿ ಅರಬ್ಬಿ ಸಮುದ್ರದ ಗಾಳಿಗಿಂತ ಹೆಚ್ಚು ಮಲಿನ. ಕೊಲ್ಲಿಯ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಮಬ್ಬು ತೆಳುವಾಗುತ್ತದೆ. ಇಸ್ರೋ ನಡೆಸಿದ ಐಕಾರ್ಬ್ ಅಭಿಯಾನದಲ್ಲಿ, 2006ರ ಮಾರ್ಚ್‌ನಿಂದ ಮೇವರೆಗೆ ಮತ್ತು 2008ರ ಡಿಸೆಂಬರಿನಿಂದ 2009ರ ಜನವರಿವರೆಗೆ, ಎರಡು ಹಂತಗಳಲ್ಲಿ ಹಡಗಿನಿಂದ ಕಡಲ ಮೇಲಿನ ಗಾಳಿಯನ್ನು ಅಳೆದರು.

ಅಂಡಮಾನಿಗೆ ಇನ್ನೊಂದು ದಿಕ್ಕೂ ಇದೆ. ಮ್ಯಾನ್ಮಾರ್, ಥಾಯ್ಲೆಂಡ್ ಕಡೆಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು, ಗದ್ದೆಗಳಿಗೆ ಬೆಂಕಿ ಹಚ್ಚುವ ಕಾಲ. ಗಾಳಿ ಮೂಡಣದಿಂದ ಬಂದರೆ ಆ ಹೊಗೆ ಪೋರ್ಟ್ ಬ್ಲೇರ್ ತಲುಪುತ್ತದೆ. ಹೀಗೆ ಒಂದೇ ದೇಶದ ಎರಡು ದ್ವೀಪಗಳಲ್ಲಿ ಮಿನಿಕಾಯಿಗೆ ಅರಬ್ ಧೂಳಿನ ಪಾಲು, ಪೋರ್ಟ್ ಬ್ಲೇರಿಗೆ ಆಗ್ನೇಯ ಏಷ್ಯಾದ ಹೊಗೆಯ ಪಾಲು.

ಮಬ್ಬಿನ ದಕ್ಷಿಣದ ಗಡಿಯೂ ಸ್ಪಷ್ಟ. ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ಗಾಳಿಗಳು ಎದುರಾಗುವ ಮಳೆಮೋಡದ ಪಟ್ಟಿ ಚಳಿಗಾಲದಲ್ಲಿ ಸಮಭಾಜಕ ವೃತ್ತದ ದಕ್ಷಿಣಕ್ಕಿರುತ್ತದೆ. ಅಲ್ಲಿಯವರೆಗೆ ಬಂದ ಹೊಗೆಯನ್ನು ಆ ಮಳೆ ತೊಳೆದುಬಿಡುತ್ತದೆ. ಇಂಡೋಎಕ್ಸ್ ಹಡಗುಗಳು ಈ ಪಟ್ಟಿಯನ್ನು ದಾಟಿದಾಗ ಒಂದು ಬದಿಯಲ್ಲಿ ಕಂದು ಗಾಳಿ, ಇನ್ನೊಂದು ಬದಿಯಲ್ಲಿ ತಿಳಿಗಾಳಿ ಸಿಕ್ಕಿತು.

ಬೇರೆ ಸಾಗರಗಳ ದ್ವೀಪಗಳಲ್ಲಿ

ಚಾರ್ಲ್ಸ್ ಡಾರ್ವಿನ್ ಇದ್ದ ಬೀಗಲ್ ಹಡಗು 1832ರ ಜನವರಿ 16ರಂದು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳನ್ನು ಮುಟ್ಟಿತು. ಲಂಗರು ಹಾಕುವ ಮುನ್ನ ಬೆಳಿಗ್ಗೆ ಹಡಗಿನ ಪಟಸ್ತಂಭದ ತುದಿಯ ಗಾಳಿಸೂಚಕದ ಜಾಲಿಬಟ್ಟೆಯಲ್ಲಿ ನುಣುಪಾದ ಕಂದು ಧೂಳು ಕುಳಿತಿತ್ತು. ಡಾರ್ವಿನ್ ಅದನ್ನು ಪೊಟ್ಟಣ ಕಟ್ಟಿದರು. ಜರ್ಮನಿಯ ಎಹ್ರೆನ್‌ಬರ್ಗ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಗುರುತಿಸಿದರು. ಈ ಧೂಳಿನ ಬಗ್ಗೆ ಡಾರ್ವಿನ್ 1846ರಲ್ಲಿ ಲೇಖನವನ್ನೇ ಬರೆದರು.

ಜನವರಿಯಲ್ಲಿ ಅವರಿಗೆ ಧೂಳು ಸಿಕ್ಕಿದ್ದು ಆಕಸ್ಮಿಕವಲ್ಲ. ಚಳಿಗಾಲದಲ್ಲಿ ಸಹಾರದ ಧೂಳು ಕಡಲ ಮಟ್ಟಕ್ಕೆ ತಾಗಿಯೇ ಪಶ್ಚಿಮಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಅದು ಕೆಲವು ಕಿ.ಮೀ. ಎತ್ತರಕ್ಕೇರಿ ಸಾಗುತ್ತದೆ. ಕೆನರಿ ದ್ವೀಪಗಳಲ್ಲಿ ಇದರ ಪುರಾವೆ ಕಣ್ಣೆದುರೇ ಇದೆ. ದಂಡೆಯ ಊರುಗಳಿಗೆ ಧೂಳು ಹೆಚ್ಚಾಗಿ ಬರುವುದು ಚಳಿಗಾಲದಲ್ಲಿ, ಟೆನೆರಿಫೆಯ ಬೆಟ್ಟದ ಮೇಲೆ 2,300 ಮೀಟರಿಗೂ ಎತ್ತರದಲ್ಲಿರುವ ಇಸಾನ್ಯಾ ವೀಕ್ಷಣಾಲಯಕ್ಕೆ ಬೇಸಿಗೆಯಲ್ಲಿ. ಅಲ್ಲಿನ ಜನ ಕಲೀಮಾ ಎನ್ನುವ ಇಂಥ ಧೂಳು 2020ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣಗಳನ್ನೇ ಮುಚ್ಚಿಸಿತು.

ಅಟ್ಲಾಂಟಿಕ್ ಆಚೆಯ ಬಾರ್ಬಡೋಸ್‌ನಲ್ಲಿ ಜೋಸೆಫ್ ಪ್ರಾಸ್ಪೆರೊ ಮತ್ತು ಸಂಗಡಿಗರ ಧೂಳಿನ ದಾಖಲೆ 1965ರಿಂದ ಆರಂಭವಾಗುತ್ತದೆ. ಅಲ್ಲಿ ಧೂಳಿನ ಕಾಲ ಜೂನ್‌ನಿಂದ ಆಗಸ್ಟ್. ಆಫ್ರಿಕದಿಂದ ಹೊರಟ ಮಣ್ಣು ಸುಮಾರು ಒಂದು ವಾರದಲ್ಲಿ ಕಡಲು ದಾಟುತ್ತದೆ. ಚಳಿಗಾಲದಲ್ಲಿ ಅದೇ ಹರಿವು ದಕ್ಷಿಣಕ್ಕೆ ಸರಿದು ಅಮೆಜಾನ್ ಕಡೆ ತಿರುಗುತ್ತದೆ. 1970 ಮತ್ತು 80ರ ದಶಕಗಳಲ್ಲಿ ಸಹಾರದ ಅಂಚಿನ ಸಾಹೇಲ್ ಪ್ರದೇಶಕ್ಕೆ ಬರಗಾಲ ಬಡಿದಾಗ ಬಾರ್ಬಡೋಸ್‌ನ ಗಾಳಿಯಲ್ಲಿ ಧೂಳು ಏರಿತು. ಬರ ಒಂದು ಖಂಡದ್ದು, ದಾಖಲೆ ಇನ್ನೊಂದು ದಂಡೆಯದು.

ಪೆಸಿಫಿಕ್‌ನಲ್ಲಿ ವಸಂತದ್ದೇ ಕಾರುಬಾರು. ಚೀನ, ಮಂಗೋಲಿಯಗಳ ಮರುಭೂಮಿಯ ಧೂಳು ಏಪ್ರಿಲ್ ಹೊತ್ತಿಗೆ ಹವಾಯಿ ದಾಟಿ ಹೋಗುತ್ತದೆ. ಜ್ವಾಲಾಮುಖಿಯ ಕಲ್ಲಿನಿಂದಾದ ಹವಾಯಿಯ ಮಣ್ಣಿನಲ್ಲಿ ಸಿಗುವ ಬೆಣಚುಕಲ್ಲಿನ ಹುಡಿ ಏಷ್ಯಾದಿಂದ ಬಂದದ್ದು. ಮಾರ್ಷಲ್ ದ್ವೀಪಗಳ ಎನೆವೆಟಕ್ ಹವಳದಿಬ್ಬದಲ್ಲಿ 1979ರಲ್ಲಿ ಅಳೆದಾಗ ಏಪ್ರಿಲ್‌ನಿಂದ ಆಗಸ್ಟ್ ಹೊತ್ತಿಗೆ ಧೂಳು ಸುಮಾರು ನೂರನೇ ಒಂದು ಭಾಗಕ್ಕೆ ಇಳಿದಿತ್ತು.

ನೆಲದ ಹಂಗು ಕಡಿಮೆ ಇರುವ ದಕ್ಷಿಣದ ಕಡಲುಗಳಲ್ಲಿ ಋತುವನ್ನು ನಡೆಸುವುದು ಸೂಕ್ಷ್ಮಸಸ್ಯ. ಟಾಸ್ಮೇನಿಯ ದ್ವೀಪದ ಕೇಪ್ ಗ್ರಿಮ್ ಕೇಂದ್ರದಲ್ಲಿ 1976ರಿಂದ ಅಳತೆ ನಡೆಯುತ್ತಿದೆ. ಅಲ್ಲಿನ ಬೇಸಿಗೆ ಎಂದರೆ ಡಿಸೆಂಬರಿನಿಂದ ಫೆಬ್ರವರಿ. ಆಗ ಕಡಲಿನ ಸಸ್ಯಗಳು ಬಿಡುವ ಗಂಧಕದ ಅನಿಲ ಹೆಚ್ಚಿ, ಅದರಿಂದ ಸಲ್ಫೇಟ್ ಕಣಗಳೂ ಮೋಡದ ಹನಿಗೆ ಬೀಜವಾಗುವ ಕಣಗಳೂ ಹೆಚ್ಚುತ್ತವೆ. ಮನುಷ್ಯನ ಕೈ ಸೋಕದಿದ್ದರೂ ಕಡಲಿನ ಗಾಳಿಗೆ ತನ್ನದೇ ಋತುಚಕ್ರ ಇದೆಯೆಂದು ತೋರಿಸುವ ದಾಖಲೆ ಇದು.

ಕಣಗಳು ಮಾಡುವ ಕೆಲಸ

ಸಲ್ಫೇಟ್ ಮತ್ತು ಉಪ್ಪು ಬಿಸಿಲನ್ನು ಚದುರಿಸಿ ಕಡಲನ್ನು ತುಸು ತಂಪಾಗಿಸುತ್ತವೆ. ಮಸಿ ಬಿಸಿಲನ್ನು ಹೀರಿ ಗಾಳಿಯನ್ನೇ ಕಾಯಿಸುತ್ತದೆ. 2006ರ ಮಾರ್ಚ್‌ನಲ್ಲಿ ಹನಿಮಾಧೂವಿನಿಂದ ಸಣ್ಣ ಮಾನವರಹಿತ ವಿಮಾನಗಳನ್ನು ಒಂದರ ಮೇಲೊಂದು ಎತ್ತರದಲ್ಲಿ ಒಟ್ಟಿಗೆ ಹಾರಿಸಿ, ಮಬ್ಬಿನ ಮೇಲೆ, ನಡುವೆ, ಕೆಳಗೆ ಒಂದೇ ಹೊತ್ತಿಗೆ ಬಿಸಿಲು ಅಳೆದರು. ಕಂದು ಮಬ್ಬು ಕೆಳವಾತಾವರಣ ಬಿಸಿಲಿನಿಂದ ಕಾಯುವುದನ್ನು ಸುಮಾರು ಶೇ. 50ರಷ್ಟು ಹೆಚ್ಚಿಸುತ್ತದೆ ಎಂದು 2007ರಲ್ಲಿ ಪ್ರಕಟವಾಯಿತು.

ಧೂಳಿಗೂ ನಮ್ಮ ಮಳೆಗೂ ನಂಟಿದೆ. ಅರಬ್ಬಿ ಸಮುದ್ರದ ಮೇಲಿನ ಪಶ್ಚಿಮ ಏಷ್ಯಾದ ಧೂಳು ಅಲ್ಲಿನ ಗಾಳಿಯನ್ನು ಕಾಯಿಸಿ ತೇವದ ಹರಿವನ್ನು ಬಲಪಡಿಸುತ್ತದೆ, ವಾರದೊಳಗೆ ಮಧ್ಯ ಭಾರತದಲ್ಲಿ ಮಳೆ ಹೆಚ್ಚುತ್ತದೆ ಎಂದು ವಿ. ವಿನೋಜ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಚಳಿಗಾಲದ ಮಬ್ಬಿನ ಕಥೆ ಬೇರೆ. ಕಡಲಿಗೆ ಬೀಳುವ ಬಿಸಿಲು ಕಡಿಮೆಯಾದರೆ ಆವಿಯಾಗುವ ನೀರೂ ಕಡಿಮೆ, ಅದರಿಂದ ಮುಂಗಾರು ದುರ್ಬಲವಾಗಬಹುದು ಎಂದು ರಾಮನಾಥನ್ ತಂಡದ ಗಣಕ ಮಾದರಿಗಳು ಸೂಚಿಸಿವೆ.

ಇಂಗಾಲದ ಡೈಆಕ್ಸೈಡ್‌ನಂಥ ಹಸಿರುಮನೆ ಅನಿಲ ನೂರಾರು ವರ್ಷ ಆಕಾಶದಲ್ಲಿ ಉಳಿಯುತ್ತದೆ, ತೇಲುಕಣದ ಬಾಳು ಒಂದು ವಾರ. ಈ ವ್ಯತ್ಯಾಸದಲ್ಲೇ ಒಂದು ಅವಕಾಶವಿದೆ. ಫೆಬ್ರವರಿಯಲ್ಲಿ ಮಿನಿಕಾಯಿಯ ಸೋಸುಹಾಳೆ ಬೆಳ್ಳಗಾಗಬೇಕಾದರೆ ಮಿನಿಕಾಯಿಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೆಲಸ ಇರುವುದು ಒಲೆ, ಇಟ್ಟಿಗೆಗೂಡು, ಲಾರಿ ಮತ್ತು ಕೂಳೆ ಸುಡುವ ಗದ್ದೆಗಳಿರುವ ನಮ್ಮ ನೆಲದಲ್ಲಿ. ಇಲ್ಲಿ ಹೊಗೆ ನಿಂತರೆ ಒಂದೆರಡು ವಾರಗಳಲ್ಲಿ ಅಲ್ಲಿನ ಆಕಾಶ ತಿಳಿಯಾಗುತ್ತದೆ.